ಹಾಸ್ಟೆಲ್ ಗೋಡೆಯ ಗುಸುಗುಸು

"ಇನ್ನೂ ಜೋರಾಗಿ ಅಕ್ಕ. ಕೂದಲು ಹಿಡಿದು ಗೋಡೆಯೊಳಕ್ಕೆ ಎಳೀತಾ ಇದ್ದಾರೆ ನಿಮ್ಮನ್ನ. ಬಸ್ಸು ತಪ್ಪಿಸಿಕೊಂಡೋರ ಥರ ಕೂಗಿದ್ರೆ ಹೇಗೆ?"

ಅವಳು ಮತ್ತೆ ಕಿರುಚಿದಳು. ಹೊಟ್ಟೆಯ ತಳದಿಂದ ಎದ್ದ ಕಿರುಚಾಟ ಗಂಟಲಿಗೆ ಬರುವಷ್ಟರಲ್ಲಿ ಹದಿನಾರು ವರ್ಷದ ಹುಡುಗಿಯದಾಗಿ, ತೆರೆಯ ಮೇಲಿನ ಹುಡುಗಿ ಬಾಯಿ ಮುಚ್ಚಿದ ಮೇಲೂ ಒಂದು ಚೂರು ಹೆಚ್ಚಿಗೆ ಉಳಿಯಿತು.

"ಬಾಲ ಉದ್ದ ಆಯ್ತು," ಎಂದ ಗಾಜಿನಾಚೆಯಿಂದ ಸೌಂಡಿನವನು. "ಕತ್ತರಿಸ್ತೀನಿ ಬಿಡಿ. ಭಯ ಮಾತ್ರ ಚೆನ್ನಾಗಿ ಬಂತು. ನೀರು ಕುಡೀರಿ."

ಅವಳು ಬಾಟಲಿಯಿಂದ ಎರಡು ಗುಟುಕು ನೀರು ಕುಡಿದಳು. ಕೋಣೆಯ ಗೋಡೆಗಳಿಗೆಲ್ಲ ಬೂದು ಬಣ್ಣದ ಸ್ಪಂಜು ಬಡಿದಿದ್ದರು. ಅದರೊಳಗೆ ಗಂಟಲು ಹರಿಯುವ ಹಾಗೆ ಕೂಗಿದರೂ ಕೂಗು ಅಲ್ಲಲ್ಲೇ ಸತ್ತುಹೋಗುತ್ತಿತ್ತು. ಹೊರಗೆ ಮೆಟ್ಟಿಲ ಮೇಲೆ ಕೂತು ಸಿಗರೇಟು ಸೇದುವವರಿಗೂ ಒಳಗೆ ಹೆಣ್ಣೊಬ್ಬಳನ್ನು ಗೋಡೆ ನುಂಗುತ್ತಿದೆ ಎಂಬ ಸುಳಿವು ಸಿಗುತ್ತಿರಲಿಲ್ಲ.

ಮೂವತ್ತೆಂಟು ದಾಟಿದ ಮೇಲೂ ಅವಳ ದನಿಗೆ ವಯಸ್ಸಾಗಿರಲಿಲ್ಲ. ಹಾಗಾಗಿ ಎಲ್ಲೋ ಯಾವುದೋ ಭಾಷೆಯಲ್ಲಿ ಅಗ್ಗವಾಗಿ ತೆಗೆದ ದೆವ್ವದ ಚಿತ್ರಗಳು ಡಬ್ಬಿಂಗಿಗೆ ಬಂದಾಗಲೆಲ್ಲ ಹುಡುಗಿಯರ ಪಾತ್ರಕ್ಕೆ ಅವಳಿಗೆ ಕರೆ ಬರುತ್ತಿತ್ತು. ಈ ಸಲದ್ದು ಹಾಳುಬಾವಿಯ ಮೇಲೆ ಕಟ್ಟಿದ ಹಾಸ್ಟೆಲ್ಲಿನ ಕಥೆ. ಕತ್ತಲಾದರೆ ಕಣ್ಣು ಹಸಿರಾಗುವ ವಾರ್ಡನ್. ಅವಳಿಗೆ ಎದುರಾಗಿ ನಾಲ್ಕು ಹುಡುಗಿಯರು, ಒಬ್ಬೊಬ್ಬಳಿಗೆ ಒಂದೊಂದು ಶಕ್ತಿ. ಮೊದಲನೆಯವಳಿಗೆ ಸಿಟ್ಟು ಬಂದರೆ ಎದುರಿಗಿದ್ದದ್ದು ಹೊತ್ತಿಕೊಳ್ಳುತ್ತದೆ. ಇನ್ನೊಬ್ಬಳು ಹೇಳಿದ್ದನ್ನು ಕಾಗೆಗಳು ಕೇಳುತ್ತವೆ. ಮತ್ತೊಬ್ಬಳು ದಿಟ್ಟಿಸಿದರೆ ಮಂಚಗಳು ಮೇಲೇಳುತ್ತವೆ, ಜೊತೆಗೆ ಮಂಚಕ್ಕೆ ಕಟ್ಟಿದ ದಾರವೂ ಮೇಲೇಳುವುದು ಕಾಣುತ್ತದೆ. ಕೊನೆಯವಳು ಮಾಯವಾಗುತ್ತಾಳೆ. ಇವಳು ದನಿ ಕೊಡುತ್ತಿದ್ದದ್ದು ಆ ಕೊನೆಯವಳಿಗೆ. ಅರ್ಧ ಚಿತ್ರದಲ್ಲಿ ತೆರೆಯ ಮೇಲೆ ಅವಳಿರುವುದಿಲ್ಲ. ಖಾಲಿ ಕುರ್ಚಿಯೋ ತೆರೆದ ಬಾಗಿಲೋ ಇರುತ್ತದೆ, ಮೇಲೆ ಒಂದು ಹೆಣ್ಣುದನಿ. "ನೀವು ನನ್ನನ್ನು ಕಾಣಲಾರಿರಿ, ಆದರೆ ನಾನು ನಿಮ್ಮ ನಡುವೆಯೇ ಇದ್ದೇನೆ!" ಎಂದು ಸಂಭಾಷಣೆ ಬರೆದವನು ಬರೆದಿದ್ದ. ಮಂಚ ಹಾರಿದಾಗಲೂ ಕಾಗೆ ಕುಕ್ಕಿದಾಗಲೂ ಅವನ ಹುಡುಗಿಯರು ಹೀಗೆಯೇ ಪಠ್ಯಪುಸ್ತಕದ ಹಾಗೆ ಮಾತಾಡುತ್ತಿದ್ದರು.

ಸ್ಟುಡಿಯೋದಲ್ಲಿ ಪಾತ್ರವೇ ಹೆಸರು. "ಬೆಂಕಿ ಬಂದ್ರಾ? ಕಾಗೆಗೆ ಫೋನ್ ಮಾಡಿ. ಮಂಚ ನಾಳೆ ಬರಲ್ವಂತೆ." ಇವಳು ಮಾಯ. "ಮಾಯಕ್ಕ" ಎಂದು ಸೌಂಡಿನವನು ಕೂಗಿದರೆ, ಚಿತ್ರ ಮುಗಿಯುವ ತನಕ ಅವಳು ಓ ಎನ್ನುತ್ತಿದ್ದಳು.

ತೆರೆಯ ಮೇಲೆ ಕೈ ಕೈ ಹಿಡಿದು, ತಬ್ಬಿಕೊಂಡು, ಒಂದೇ ಹೊದಿಕೆಯಡಿ ಮಲಗುವ ಆ ನಾಲ್ವರ ದನಿಗಳು ಒಬ್ಬರ ಮುಖವನ್ನು ಒಬ್ಬರು ನೋಡಿದವರಲ್ಲ. ಒಂದು ಮೈಕು, ಒಂದು ದನಿ. ಇಬ್ಬರು ಒಟ್ಟಿಗೆ ನಿಂತರೆ ಒಬ್ಬಳ ಮಾತು ಇನ್ನೊಬ್ಬಳದಕ್ಕೆ ಸೋರಿ ಬಿಡಿಸಲಾಗದ ಗಂಟಾಗುತ್ತದೆ. ಆದ್ದರಿಂದ ಬೆಂಕಿ ಬಂದು ತನ್ನ ಪಾಲನ್ನು ಹೇಳಿ ಹೋದ ಮೇಲೆ ಕಾಗೆ, ಕಾಗೆಯಾದ ಮೇಲೆ ಮಂಚ, ಎಲ್ಲರಿಗಿಂತ ಕೊನೆಗೆ ಮಾಯ. ಒಂದು ರೀಲು ಎಲ್ಲರದೂ ಮುಗಿದ ಮೇಲೆಯೇ ಮುಂದಿನ ರೀಲು. ರೀಲು ಎನ್ನುವುದು ಹಳೆಯ ಮಾತು, ಈಗೆಲ್ಲ ಕಂಪ್ಯೂಟರಿನೊಳಗಿನ ತುಂಡುಗಳೇ. ಆದರೂ ಅವರ ಬಾಯಲ್ಲಿ ಅದು ರೀಲೇ. ಉಳಿದವರ ದನಿ ಅವಳಿಗೆ ಹೆಡ್‌ಫೋನಿನಲ್ಲಿ ಮಾತ್ರ ಕೇಳಿಸುತ್ತಿತ್ತು. ಕಾಗೆ ಪ್ರತಿ ಮಾತಿಗೂ ಮುಂಚೆ ಎಂಜಲು ನುಂಗುತ್ತಾಳೆ, ಮಂಚಕ್ಕೆ ಒಂದು ಹಲ್ಲಿಲ್ಲ, ಬೆಂಕಿ ಬಾಯಲ್ಲಿ ಕೆಮ್ಮಿನ ಗುಳಿಗೆ ಇಟ್ಟುಕೊಂಡೇ ಮಾತಾಡುತ್ತಾಳೆ. ಇಷ್ಟೇ ಪರಿಚಯ.

ಇನ್ನು ಗುಸುಗುಸುವಿನ ವಿಷಯ. ದೆವ್ವದ ಮನೆಯೆಂದ ಮೇಲೆ ಗೋಡೆಗಳು ಪಿಸುಗುಡಲೇಬೇಕು. ಮೂಲದಲ್ಲಿ ಅದಕ್ಕೆ ಮಾತುಗಳೇ ಇರುವುದಿಲ್ಲ, ಕಾಗದದಲ್ಲಿ 'ಗೋಡೆಗಳ ಪಿಸುಮಾತು' ಎಂದಷ್ಟೇ ಇರುತ್ತದೆ. ಎಲ್ಲರೂ ಒಬ್ಬೊಬ್ಬರಾಗಿ ಮೈಕಿಗೆ ತುಟಿ ತಾಗುವಷ್ಟು ಹತ್ತಿರ ನಿಂತು ಬಾಯಿಗೆ ಬಂದದ್ದನ್ನು ಪಿಸುಗುಟ್ಟಿ ಹೋಗುತ್ತಾರೆ. ಆಮೇಲೆ ಸೌಂಡಿನವನು ಅದನ್ನು ನಿಧಾನ ಮಾಡಿ, ತಿರುಗಾಮುರುಗಾ ಮಾಡಿ, ಒಂದರ ಮೇಲೊಂದು ಹಾಸುತ್ತಾನೆ. ನೋಡುವವರಿಗೆ ಮೈ ಜುಮ್ಮೆನ್ನುತ್ತದೆ. ಮಾತು ಏನೆಂದು ಯಾರಿಗೂ ತಿಳಿಯುವುದಿಲ್ಲ. ಕಾಗೆ ಮಗ್ಗಿ ಹೇಳುತ್ತಿದ್ದಳು. ಮಂಚ ಬ್ಯಾಂಕಿನ ಫೋನಿನಲ್ಲಿ ಬರುವ "ದಯವಿಟ್ಟು ಕಾಯಿರಿ, ನಿಮ್ಮ ಕರೆ ನಮಗೆ ಮುಖ್ಯ"ವನ್ನೇ ಭಯ ಹುಟ್ಟುವ ಹಾಗೆ ಉಸುರುತ್ತಿದ್ದಳು.

ಬೆಂಕಿ ಮಾತ್ರ ಮಾತಾಡುತ್ತಿದ್ದಳು. ಎರಡನೆಯ ರೀಲಿನಲ್ಲಿ, ತನ್ನ ಪಿಸುಮಾತಿನ ಮಟ್ಟ ಹೊಂದಿಸಿಕೊಳ್ಳಲೆಂದು ಇವಳು ಬೆಂಕಿಯದನ್ನು ಕೇಳಿಸಿಕೊಂಡಾಗ, ಕಿವಿಯ ತೀರ ಒಳಗೆ ಯಾರೋ ಹೇಳಿದ ಹಾಗೆ ಕೇಳಿಸಿತು: "ಸಾಕಾಗಿಹೋಯ್ತು ಕಣೇ ಈ ಗಂಟಲಿಂದ. ರಾತ್ರಿಯೆಲ್ಲ ಕೆಮ್ಮು. ನಿದ್ದೆ ಅನ್ನೋದೇ ಇಲ್ಲ."

ಬೇರೆ ದಿನವಾಗಿದ್ದರೆ ನಕ್ಕು ಬಿಡುತ್ತಿದ್ದಳೇನೋ. ಆದರೆ ಅಂದು ಬೆಳಗಿನಿಂದ ಅವಳೊಡನೆ ಯಾರೂ ಮಾತಾಡಿರಲಿಲ್ಲ. ಅಮ್ಮ ಹೋದ ಮೇಲೆ ಅಂಥ ದಿನಗಳು ಒಂದರ ಹಿಂದೊಂದು ಬರುತ್ತಿದ್ದವು. ಬಸ್ಸಿನಲ್ಲಿ ಚೀಟಿ ಕೊಡುವ ಯಂತ್ರ, ಅಂಗಡಿಯಲ್ಲಿ ಸಾಮಾನನ್ನು ತಾನೇ ತೂಗಿಕೊಳ್ಳುವ ಯಂತ್ರ. ಹೀಗೆ ಸಂಜೆ ಸ್ಟುಡಿಯೋಗೆ ಬಂದು ಮೊದಲ ಬಾರಿಗೆ ಬಾಯಿ ತೆರೆದರೆ ಬರುವುದು, "ಬಿಡಿ, ನನ್ನನ್ನು ಬಿಡಿ, ಪಿಶಾಚಿಗಳೇ!"

ಕೆಂಪು ದೀಪ ಹೊತ್ತಿತು. ಅವಳು ಮೈಕಿಗೆ ಬಾಗಿ ಪಿಸುಗುಟ್ಟಿದಳು. "ಬಿಸಿನೀರಿಗೆ ಉಪ್ಪು ಹಾಕಿ ಬಾಯಿ ಮುಕ್ಕಳಿಸಿ ನೋಡು. ನಮ್ಮಮ್ಮ ಅದನ್ನೇ ಮಾಡ್ತಿದ್ಲು. ಮಲಗೋವಾಗ ತಲೆ ಕೆಳಗೆ ಇನ್ನೊಂದು ದಿಂಬು ಇಟ್ಟುಕೋ."

"ಸೂಪರ್," ಎಂದ ಸೌಂಡಿನವನು. ಅವನು ನೋಡುತ್ತಿದ್ದದ್ದು ದನಿಯ ಮಟ್ಟ ತೋರಿಸುವ ಮುಳ್ಳು ಎಷ್ಟು ಎದ್ದಿತು ಎಂಬುದನ್ನು ಮಾತ್ರ. "ಒಳ್ಳೇ ಹೆಣ ಮಾತಾಡಿದ ಹಾಗೆ ಇದೆ."

ಮೂರನೆಯ ರೀಲು ಬಂದಾಗ ಅವಳು ಗೋಡೆ ಪಿಸುಗುಡುವ ಜಾಗ ಎಲ್ಲಿದೆಯೆಂದು ಮೊದಲೇ ನೋಡಿಕೊಂಡಳು. ಹೆಡ್‌ಫೋನಿನಲ್ಲಿ ಗುಳಿಗೆ ಹಲ್ಲಿಗೆ ತಾಗಿದ ಸದ್ದು, ಅದರ ಹಿಂದೆ ಬೆಂಕಿ: "ಈಗ ಪರವಾಗಿಲ್ಲ ಕಣೇ. ಮುಕ್ಕಳಿಸಿ ಮುಕ್ಕಳಿಸಿ ಬಾಯೆಲ್ಲ ಉಪ್ಪುಪ್ಪು."

ಅವಳ ಮೈ ಜುಮ್ಮೆಂದಿತು. ಆ ಚಿತ್ರಕ್ಕೆ ಮೈ ಜುಮ್ಮೆಂದ ಮೊದಲ ವ್ಯಕ್ತಿ ಅವಳೇ ಇರಬೇಕು.

"ಊಟ ಆಯ್ತಾ?" ಎಂದು ಕೇಳಿದಳು ಆ ರೀಲಿಗೆ. ಬೇರೇನೂ ತೋಚಲಿಲ್ಲ. ನಾಲ್ಕನೆಯದರಲ್ಲಿ ಬೆಂಕಿ, "ನಂದಾಯ್ತು, ನಿಂದು? ಹೊತ್ತಿಗೆ ಸರಿಯಾಗಿ ತಿನ್ನು. ಒಬ್ಬಳೇ ಅಂತ ನಿಂತ್ಕೊಂಡು ತಿನ್ನಬೇಡ," ಎಂದಳು. ಅಂದು ಮನೆಗೆ ಹೋದವಳು ಮೇಜಿನ ಮೇಲಿದ್ದ ಇಸ್ತ್ರಿಯ ಬಟ್ಟೆಗಳನ್ನು ಸರಿಸಿ, ಜಾಗ ಮಾಡಿ, ಕುರ್ಚಿ ಎಳೆದುಕೊಂಡು ಕೂತು ಉಂಡಳು. ತಟ್ಟೆಯ ಎದುರಿಗೆ ಗೋಡೆ. ಗೋಡೆಯನ್ನು ನೋಡಿ ನಗು ಬಂತು.

ದಿನಗಳಿಗೆ ಒಂದು ಆಕಾರ ಬಂತು. ಮನೆಯಿಂದ ಸ್ಟುಡಿಯೋಗೆ ಹೋಗುವ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಇವತ್ತು ಏನು ಹೇಳುವುದೆಂದು ಯೋಚಿಸುವಳು. ಹೇಳಲಿಕ್ಕೆ ಸಿಗುವುದು ಒಂದು ನಿಮಿಷಕ್ಕಿಂತ ಸ್ವಲ್ಪ ಹೆಚ್ಚು. ಅಷ್ಟರಲ್ಲಿ ಮುಗಿಯಬೇಕು, ಉಸಿರು ಹೆಚ್ಚಾಗಬಾರದು, ಸಕಾರ ಶಕಾರಗಳು ಸೀಟಿಯಾಗಬಾರದು. ಹೀಗಾಗಿ ತನ್ನ ಬದುಕನ್ನು ಸೀಟಿ ಹೊಡೆಯದ ಅಕ್ಷರಗಳಲ್ಲಿ ಹೇಳುವುದನ್ನು ಕಲಿತಳು. ಫೋನ್ ನಂಬರು ಕೇಳಿಬಿಡೋಣವೇ ಎಂದು ಒಂದೆರಡು ಸಲ ನಾಲಿಗೆಯ ತುದಿಗೆ ಬಂದಿತ್ತು. ನಂಬರು ಸಿಕ್ಕರೆ ಮಾತಾಡಬೇಕಾಗುತ್ತದೆ, ಮಾತಾಡಿದರೆ ಮಾತು ಮುಗಿಯುತ್ತದೆ ಎಂಬ ಹೆದರಿಕೆಯಿಂದ ಮುಂದಿನ ರೀಲಿಗೆ, ಮುಂದಿನ ರೀಲಿಗೆ ಎಂದು ದೂಡಿದಳು. ಸೌಂಡಿನವನನ್ನು ಕೇಳಿದರೆ ಹೇಳುತ್ತಿದ್ದ. ಆದರೆ ಏನೆಂದು ಕೇಳುವುದು?

ಐದನೆಯದರಲ್ಲಿ ಅಮ್ಮನ ಕೋಣೆಯ ಬಗ್ಗೆ ಹೇಳಿದಳು. ಯಾರಿಗೂ ಹೇಳಿರಲಿಲ್ಲ. ಬೀರುವಿನಲ್ಲಿ ಅಮ್ಮನ ಬಟ್ಟೆ ಮಡಿಸಿದ್ದು ಮಡಿಸಿದ ಹಾಗೆಯೇ ಇತ್ತು, ಕನ್ನಡಕದ ಡಬ್ಬಿ, ರಬ್ಬರಿನ ಬಿಸಿನೀರಿನ ಚೀಲ, ಮೊಣಕಾಲಿಗೆ ಹಚ್ಚುವ ಎಣ್ಣೆ. ಬಾಗಿಲು ತೆಗೆದರೆ ಆ ಎಣ್ಣೆಯ ವಾಸನೆ ಮುಖಕ್ಕೆ ಬಡಿಯುತ್ತಿತ್ತು. ಟಿವಿಯಲ್ಲಿ ಇವಳ ಚಿತ್ರ ಬಂದಾಗ ಅಮ್ಮ ಹತ್ತಿರ ಹೋಗಿ, ತೆರೆಗೆ ಬೆರಳು ತಾಗಿಸಿ, "ಇವಳು ನೀನಲ್ವಾ?" ಎಂದು ಕೇಳುತ್ತಿದ್ದಳು. ಪ್ರತಿ ಸಲವೂ ಬೇರೆ ಯಾವಳನ್ನೋ ತೋರಿಸುತ್ತಿದ್ದಳು. ಇವಳು ಪ್ರತಿ ಸಲವೂ ಹೌದೆನ್ನುತ್ತಿದ್ದಳು. "ಆ ಕೋಣೆ ಮುಟ್ಟೋಕೆ ಆಗ್ತಾ ಇಲ್ಲ. ಬಾಗಿಲು ಹಾಕಿಟ್ಟಿದೀನಿ," ಎಂದು ಮೈಕಿಗೆ ಹೇಳಿ ಮುಗಿಸಿದಳು. ತೆರೆಯ ಮೇಲೆ ಹಾಸ್ಟೆಲ್ಲಿನ ಓಣಿಯಲ್ಲಿ ಬಾಗಿಲುಗಳು ಒಂದೊಂದಾಗಿ ತಾವೇ ತೆರೆದುಕೊಳ್ಳುತ್ತಿದ್ದವು.

ಆರನೆಯ ರೀಲಿನಲ್ಲಿ ಬೆಂಕಿಯ ದನಿಯಲ್ಲಿ ಗದರಿಕೆಯಿತ್ತು. "ಇನ್ನೆಷ್ಟು ದಿನ ಅಂತ ಹಾಗೇ ಇಟ್ಟುಕೊಂಡು ಕೂತಿರ್ತೀಯ? ಅದರಲ್ಲಿ ಜೀವ ಇಲ್ಲ ಕಣೇ. ಎತ್ತಿ ಆಚೆ ಹಾಕು. ಗಟ್ಟಿ ಮನಸ್ಸು ಮಾಡು, ಒಂದು ದಿನದ ಸಂಕಟ ಅಷ್ಟೆ. ಆಮೇಲೆ ನೋಡು, ಮನೆ ಎಷ್ಟು ದೊಡ್ಡದು ಕಾಣುತ್ತೆ."

ಅವಳು ಹೆಡ್‌ಫೋನನ್ನು ಎರಡೂ ಕೈಯಲ್ಲಿ ಕಿವಿಗೆ ಒತ್ತಿ ಹಿಡಿದಳು.

"ಅಕ್ಕ, ಶುರು ಮಾಡೋಣ್ವಾ?"

"ಇನ್ನೊಂದ್ಸಲ ಹಾಕು ಅದನ್ನ."

"ಯಾಕೆ, ಮಟ್ಟ ಸಿಗಲಿಲ್ವಾ?"

"ಹಾಕು ಅಂದ್ರೆ ಹಾಕಪ್ಪ."

ಮುಂದಿನ ರಜಾದಿನ ಅವಳು ಬೀರು ಖಾಲಿ ಮಾಡಿದಳು. ಬಟ್ಟೆಗಳನ್ನು ಮೂರು ದೊಡ್ಡ ಚೀಲಗಳಿಗೆ ತುಂಬಿ, ಮೆಟ್ಟಿಲಿಳಿಸಿ, ಆಸ್ಪತ್ರೆಯ ಹಿಂಬದಿಯಲ್ಲಿ ಹಳೆಬಟ್ಟೆ ತೆಗೆದುಕೊಳ್ಳುವಲ್ಲಿ ಕೊಟ್ಟು ಬಂದಳು. ಅಲ್ಲಿನ ಹೆಂಗಸು ಚೀಲದೊಳಗೆ ಕೈ ಹಾಕಿ, "ಒಗೆದಿದ್ದೀರಲ್ವಾ?" ಎಂದು ಕೇಳಿದಳು. ಒಗೆದದ್ದೇ. ಅಮ್ಮನೇ ಒಗೆದು ಮಡಿಸಿದ್ದಳು. ಕನ್ನಡಕ ಬೇರೆ ಡಬ್ಬಕ್ಕೆ ಹೋಯಿತು. ಎಣ್ಣೆಯ ಶೀಸೆಯನ್ನು ಕಸಕ್ಕೆ ಹಾಕಿ, ಕೋಣೆಯ ಕಿಟಕಿಗಳನ್ನು ಹಾರುಹೊಡೆದಳು. ಸಂಜೆಯ ಹೊತ್ತಿಗೆ ವಾಸನೆ ಪೂರ್ತಿ ಹೋಗಿತ್ತು. ಮನೆ ನಿಜಕ್ಕೂ ದೊಡ್ಡದಾಗಿ ಕಂಡಿತು.

ಚಿಕ್ಕಮ್ಮ ಫೋನಿನಲ್ಲಿ ಕೂಗಾಡಿದಳು. "ಒಂದು ಮಾತು ಕೇಳಬಾರದಾ? ಆ ನೀಲಿ ಶಾಲು ನನಗೆ ಬೇಕಿತ್ತು! ನನ್ನ ಸ್ವಂತ ಅಕ್ಕನ ಶಾಲು! ಇಷ್ಟು ದಿನ ಮುಟ್ಟದೇ ಇದ್ದೋಳಿಗೆ ಈಗ ಯಾವ ದೆವ್ವ ಹೊಕ್ಕಿತು?"

"ನನ್ನ ಸ್ನೇಹಿತೆ ಹೇಳಿದ್ಲು ಚಿಕ್ಕಮ್ಮ."

"ಸ್ನೇಹಿತೆ? ನಿನಗೆ ಸ್ನೇಹಿತೆ ಎಲ್ಲಿಂದ ಹುಟ್ಟಿದ್ಲು?"

"ಕೆಲಸದ ಕಡೆಯವಳು."

"ಏನು ಹೆಸರು?"

ಅವಳು, ಬಾಗಿಲಿಗೆ ಯಾರೋ ಬಂದರು ಎಂದು ಸುಳ್ಳು ಹೇಳಿ ಫೋನಿಟ್ಟಳು. ಆಮೇಲೆ ಬಹಳ ಹೊತ್ತು ಸ್ನೇಹಿತೆ ಎಂಬ ಮಾತು ಬಾಯಲ್ಲಿ ಗುಳಿಗೆಯ ಹಾಗೆ ಕರಗುತ್ತ ಉಳಿಯಿತು.

ಏಳನೆಯದರಲ್ಲಿ ಪಿಸುಮಾತೇ ಇರಲಿಲ್ಲ, ಕಾಗೆಗಳದ್ದೇ ಕಾರುಬಾರು. ಎಂಟನೆಯದಕ್ಕೆ ಅವಳು ಕೇಳಿಯೇ ಬಿಟ್ಟಳು. "ಬೀರು ಖಾಲಿ ಮಾಡಿದೆ. ನೀನು ಹೇಳಿದ್ದಕ್ಕೇ ಮಾಡಿದ್ದು. ನಿನ್ನ ಮುಖ ನೋಡಬೇಕು ಅನ್ನಿಸ್ತಾ ಇದೆ. ಒಂದು ಸಲ ಭೇಟಿ ಆಗೋಣ್ವಾ? ನೀನು ಎಲ್ಲಿಗೆ ಅಂದ್ರೆ ಅಲ್ಲಿಗೆ ಬರ್ತೀನಿ."

ಒಂಬತ್ತನೆಯ ರೀಲಿಗೆ ಕಾಯುವಾಗ ಅವಳು ಒಂದು ಜೊತೆ ಹೊಸ ಚಪ್ಪಲಿ ಕೊಂಡಳು. ಕನ್ನಡಿಯ ಮುಂದೆ ನಿಂತು, "ನಾನೇ ಮಾಯ" ಎಂದು ಹೇಳಿ ನೋಡಿದಳು. ಚೆನ್ನಾಗಿಲ್ಲ. "ನೀವು ಬೆಂಕಿ ಅಲ್ವಾ?" ಇದು ಇನ್ನೂ ಕೆಟ್ಟದಾಗಿತ್ತು. ಬೆಂಕಿಗೆ ಎಷ್ಟು ವಯಸ್ಸಿರಬಹುದು, ದಪ್ಪಗಿರಬಹುದೇ, ಕೈ ಹಿಡಿದು ಮಾತಾಡುವವಳೇ ಎಂದೆಲ್ಲ ಯೋಚಿಸಿ, ಕೈ ಹಿಡಿಯುವವಳೇ ಇರಬೇಕೆಂದು ತೀರ್ಮಾನಿಸಿ ಉಗುರು ಕತ್ತರಿಸಿಕೊಂಡಳು.

ಒಂಬತ್ತನೆಯದರಲ್ಲಿ ಹಾಸ್ಟೆಲ್ಲು ಹೊತ್ತಿ ಉರಿಯುತ್ತದೆ. ಉರಿಯುವ ಗೋಡೆಗಳು ಕೊನೆಯ ಬಾರಿಗೆ ಪಿಸುಗುಡುತ್ತವೆ. ಅವಳು ಹೆಡ್‌ಫೋನ್ ಹಾಕಿಕೊಂಡು ಕಣ್ಣು ಮುಚ್ಚಿದಳು. ಗುಳಿಗೆಯ ಸದ್ದು. ಸಣ್ಣ ಕೆಮ್ಮು. "ಬಾ ಮತ್ತೆ, ಯಾರು ಬೇಡ ಅಂದ್ರು? ಎಷ್ಟು ಸಲ ಕರೀಬೇಕು ನಿನ್ನ? ಬಂದ್ರೆ ಎರಡು ದಿನ ಇದ್ದು ಹೋಗಬೇಕು, ಈಗಲೇ ಹೇಳಿದೀನಿ."

ತನ್ನ ಪಾಲಿನ ಪಿಸುಮಾತನ್ನು ಹೇಳದೆಯೇ ಅವಳು ಹೆಡ್‌ಫೋನ್ ತೆಗೆದಿಟ್ಟು, ದಪ್ಪ ಬಾಗಿಲನ್ನು ಭುಜದಿಂದ ದೂಡಿ ಸೌಂಡಿನವನ ಕೋಣೆಗೆ ಬಂದಳು. ಅವನು ಬಿಸ್ಕತ್ತು ತಿನ್ನುತ್ತಿದ್ದವನು ಹೊಟ್ಟೆಯ ಮೇಲಿನ ಪುಡಿ ಕೊಡವಿಕೊಂಡ.

"ಏನಾಯ್ತಕ್ಕ? ಹೆಡ್‌ಫೋನ್ ಕೈಕೊಡ್ತಾ?"

"ಅಲ್ಲ. ಬೆಂಕಿ ಯಾವ ಹೊತ್ತಿಗೆ ಬರ್ತಾರೆ? ಬೆಳಿಗ್ಗೆನಾ? ಕೊನೇ ರೀಲಿಗೆ ಯಾವತ್ತು ಬರ್ತಾರೆ?"

"ಕೊನೇ ರೀಲಾ?" ಅವನು ನಕ್ಕ. "ಅವರದ್ದು ಯಾವತ್ತೋ ಮುಗೀತಲ್ಲ. ನೀವು ಶುರು ಮಾಡೋಕೆ ಮುಂಚೆನೇ."

"ನನಗಿಂತ ಮುಂಚೆ ಹೇಗೆ? ರೀಲು ರೀಲಾಗಿ ತಾನೇ?"

"ಅದು ಯಾವಾಗ್ಲೂ. ಈ ಸಲ ಅವರಿಗೊಬ್ಬರಿಗೆ ಬಿಟ್ಟುಕೊಟ್ವಿ. ಮಗಳ ಹೆರಿಗೆ ಅಂತ ಊರಿಗೆ ಹೊರಟಿದ್ರು, ಅಷ್ಟೂ ರೀಲನ್ನ ಒಂದೇ ಏಟಿಗೆ ಹೇಳಿ ಮುಗಿಸಿ ಹೋದ್ರು. ಗಂಟಲು ಬೇರೆ ಕೆಟ್ಟಿತ್ತು ಪಾಪ. ಮೊದಮೊದಲು ಕೆಮ್ಮು ಕೆಮ್ಮು, ಆಮೇಲೆ ನಾನೇ ಇಲ್ಲಿ ನೀರು ಕಾಯಿಸಿ ಉಪ್ಪು ಹಾಕಿ ಕೊಟ್ಟೆ."

ಅವಳು ಬಾಗಿಲ ಚೌಕಟ್ಟನ್ನು ಹಿಡಿದುಕೊಂಡಳು. ಅವಳು ಮೊದಲ ಮಾತು ಪಿಸುಗುಟ್ಟುವ ಮುಂಚೆಯೇ ಎಲ್ಲ ಉತ್ತರಗಳೂ ಈ ಕಂಪ್ಯೂಟರಿನ ಡಬ್ಬಿಯೊಳಗೆ ಬಂದು ಕೂತಿದ್ದವು.

"ಮತ್ತೆ ಗುಸುಗುಸುವಿನಲ್ಲಿ... ಏನೇನೋ ಹೇಳ್ತಾರಲ್ಲ. ಎತ್ತಿ ಆಚೆ ಹಾಕು ಅಂತ."

"ಓ, ಫ್ರಿಜ್ಜಾ!" ಅವನಿಗೆ ಖುಷಿಯಾಯಿತು. "ಅದು ಅವರ ತಂಗಿ ಮನೆ ಫ್ರಿಜ್ಜು ಅಕ್ಕ. ಕೆಟ್ಟು ಎಷ್ಟೋ ವರ್ಷ ಆಗಿದೆಯಂತೆ. ಮದುವೇಲಿ ಕೊಟ್ಟಿದ್ದು ಅಂತ ಆಯಮ್ಮ ಬಿಸಾಕೋಕೇ ಬಿಡಲ್ವಂತೆ, ಅದರೊಳಗೆ ಚಪ್ಪಲಿ ಇಡ್ತಾಳಂತೆ. ಊಟಕ್ಕೆ ಕೂತಾಗ ಹೇಳಿ ಹೇಳಿ ನಗ್ತಿದ್ರು. ಗುಸುಗುಸು ಅಂದ ತಕ್ಷಣ ಇವರು ತಂಗಿ ಜೊತೆ ಫೋನಲ್ಲಿ ಇರೋ ಥರ ಶುರು ಹಚ್ಕೋತಾರೆ. ಬೇರೇನೂ ಬಾಯಿಗೆ ಬರಲ್ಲ ಅಂತಾರೆ. ಚೆನ್ನಾಗಿರುತ್ತೆ ಅಲ್ವಾ? ಫ್ರಿಜ್ಜಿನ ಮಾತನ್ನ ತಿರುಗಾಮುರುಗಾ ಹಾಕಿದೀನಿ, ಕೇಳಿದ್ರೆ ಬೆನ್ನುಮೂಳೆ..."

ಅವಳ ಮುಖ ನೋಡಿ ಅವನು ಮಾತು ನಿಲ್ಲಿಸಿದ. ಎದುರಿನ ತೆರೆಯಲ್ಲಿ ಹಾಸ್ಟೆಲ್ಲು ಉರಿಯುತ್ತಾ ನಿಂತುಬಿಟ್ಟಿತ್ತು, ಹೊಗೆ ಕೂಡ ಅಲುಗುತ್ತಿರಲಿಲ್ಲ. ಅದರ ಕೆಳಗೆ ನಾಲ್ಕು ದನಿಗಳ ನಾಲ್ಕು ಪಟ್ಟಿಗಳು. ಅವನ ಕಣ್ಣು ಬೆಂಕಿಯ ಪಟ್ಟಿಯಿಂದ ಮಾಯಳ ಪಟ್ಟಿಗೆ ಇಳಿಯಿತು. ಏನನ್ನೋ ನೆನಪಿಸಿಕೊಂಡವನ ಹಾಗೆ ಮತ್ತೆ ಮೇಲೆ ಹೋಯಿತು. ಬಿಸ್ಕತ್ತಿನ ಪೊಟ್ಟಣವನ್ನು ಅವನು ಮೆಲ್ಲಗೆ ಬದಿಗೆ ಸರಿಸಿದ.

"ಅಕ್ಕ, ನೀವು ಅವರಿಗೆ..."

"ಏನಿಲ್ಲ. ಸುಮ್ಮನೆ ಕೇಳಿದೆ."

ಅಮ್ಮನ ಬಟ್ಟೆಗಳು ಈಗ ಯಾರ ಯಾರ ಮೈಮೇಲೆ ಇವೆಯೋ. ನೀಲಿ ಶಾಲು ಹೊದ್ದು ಯಾವಳೋ ಬಸ್ಸಿಗೆ ಕಾಯುತ್ತಿರಬಹುದು. ಕೆಟ್ಟ ಫ್ರಿಜ್ಜೊಂದಕ್ಕೆ ಆಡಿದ ಮಾತು. ಆ ಫ್ರಿಜ್ಜು ಮಾತ್ರ ಈಗಲೂ ಅಲ್ಲೇ ಇರುತ್ತದೆ, ಒಳಗೆ ಚಪ್ಪಲಿ ಇಟ್ಟುಕೊಂಡು. ಅವಳಿಗೆ ನಗು ಬರಬೇಕಿತ್ತು. ನಗುವ ಜಾಗದಲ್ಲಿ ಆ ಎಣ್ಣೆಯ ವಾಸನೆಯನ್ನು ನೆನಪು ಮಾಡಿಕೊಳ್ಳಲು ನೋಡಿದಳು. ಬರಲಿಲ್ಲ.

ಸೌಂಡಿನವನು ಕುರ್ಚಿಯಿಂದ ಎದ್ದ. ಅವನು ಕೆಟ್ಟವನಲ್ಲ. ಏನಾದರೂ ಮಾಡಿ ಸರಿಮಾಡಿಬಿಡಬೇಕೆಂಬ ಆತುರ ಅವನ ಕಿವಿಗಳವರೆಗೂ ಕೆಂಪಾಗಿ ಹರಡಿತ್ತು.

"ನೋಡಿ, ಒಳ್ಳೇದೇ ಆಯ್ತು. ಬೆಂಕಿ ಮೇಡಮ್ಮು ಊರಿಂದ ವಾಪಸ್ಸಾಗಿ ಇವತ್ತು ಇಲ್ಲಿಗೇ ಬಂದಿದ್ದಾರೆ. ಎರಡು ಮಾತು ಸರಿಯಾಗಿ ಕೂತಿರಲಿಲ್ಲ, ಮತ್ತೆ ಹೇಳೋಕೆ ಕರೆಸಿದ್ದೆ. ಕೆಳಗೆ ಟೀ ಕುಡೀತಾ ಕೂತಿದ್ದಾರೆ. ತುಂಬಾ ಒಳ್ಳೆಯವರು ಅಕ್ಕ, ಮಾತು ಅಂದ್ರೆ ಪ್ರಾಣ. ನೀವು ಯಾರು ಅಂತ ಹೇಳಿದ್ರೆ ಸಾಕು, ಬಿಡೋದೇ ಇಲ್ಲ ನಿಮ್ಮನ್ನ."

ಅವಳು ಬಾಗಿಲ ಚೌಕಟ್ಟಿನಿಂದ ಕೈ ತೆಗೆದಳು.

"ಒಂದು ಕೆಲಸ ಮಾಡೋಣ. ನಿಮ್ಮ ಗುಸುಗುಸು ಇನ್ನೂ ಬಾಕಿ ಇದೆಯಲ್ಲ, ಅವರನ್ನೂ ಒಳಗೆ ಕರೀತೀನಿ. ಒಂದೇ ಮೈಕಿಗೆ ಇಬ್ಬರೂ ನಿಂತ್ಕೊಳ್ಳಿ. ಗುಸುಗುಸು ತಾನೇ, ಸೋರಿದ್ರೂ ಪರವಾಗಿಲ್ಲ. ನಿಮ್ಮ ಪಾಡಿಗೆ ನೀವು ಎಷ್ಟು ಹೊತ್ತು ಬೇಕಾದ್ರೂ ಮಾತಾಡ್ಕೊಳ್ಳಿ, ನಾನು ನಿಲ್ಸಿ ಅನ್ನಲ್ಲ. ಏನಂತೀರಿ?"

ಆಗ ಮೆಟ್ಟಿಲ ಕಡೆಯಿಂದ ಕೆಮ್ಮು ಕೇಳಿಸಿತು. ಅದರ ಹಿಂದೆಯೇ ಯಾರಿಗೋ ಏನೋ ಹೇಳಿ ನಕ್ಕ ಹೆಣ್ಣುದನಿ. ಅದೇ ದನಿ. ಆದರೆ ಕಿವಿಯೊಳಗಲ್ಲ, ದೂರದಲ್ಲಿ, ಒಂದು ಕಡೆಯಿಂದ, ನಡುವೆ ಗೋಡೆಯೂ ಗಾಳಿಯೂ ಪಾತ್ರೆಯ ಸದ್ದೂ ಇಟ್ಟುಕೊಂಡು, ಎಲ್ಲರ ದನಿಯ ಹಾಗೆ. ಹತ್ತಿರ ಹತ್ತಿರ ಬರುತ್ತಿತ್ತು.

"ಅಗೋ, ಅವರೇ ಬಂದ್ರು," ಎಂದ ಸೌಂಡಿನವನು, ಬಾಗಿಲ ಹಿಡಿಗೆ ಕೈ ಹಾಕಿ. "ಕರೀಲಾ?"

"ಬೇಡ."

"ಒಂದೇ ನಿಮಿಷ ಅಕ್ಕ, ಮುಖ ಆದರೂ..."

"ಬೇಡ ಅಂದ್ನಲ್ಲ. ಕರೀಬೇಡ."